ಬಿಲ್ಲು ಕಟ್ಟದ ಐಸು

ಮಲ್ಪೆ ಬಂದರಿಗೆ ಬೆನ್ನು ಹಾಕಿ ನಿಂತ
ನಮ್ಮ ಐಸ್ ಪ್ಲಾಂಟಿನ ಆಫೀಸಿನಲ್ಲಿ
ಮೇ ತಿಂಗಳ ಸೆಕೆಗೆ ಫ್ಯಾನೂ ಬೆವರುತ್ತದೆ.
ಗೋಡೆಯಾಚೆ ಉಪ್ಪುನೀರಿನ ತೊಟ್ಟಿಯಲ್ಲಿ
ಕುತ್ತಿಗೆವರೆಗೆ ಮುಳುಗಿ ನಿಂತ ಐವತ್ತು ಕಿಲೋದ ಕ್ಯಾನುಗಳು.
ಈಚೆ, ನನ್ನ ಲೆಕ್ಕದ ಪುಸ್ತಕದ ಮೇಲೆ
ಮಗನ ಶಾಲೆಯ ಅಟ್ಲಾಸು.

ಯುರೋಪಿಗೆ ಹೋಗುವುದು ಅಂತ ಆಗಿದೆ.
ಎಲ್ಲಿಗೆ ಎಂಬುದಷ್ಟೇ ಬಾಕಿ.

ಹದಿನೇಳು ವರ್ಷದಲ್ಲಿ ನಾಲ್ವರೂ ಒಟ್ಟಿಗೆ
ಕೊಲ್ಲೂರಿನಿಂದ ಆಚೆ ಹೋದದ್ದಿಲ್ಲ.
ಮಕ್ಕಳಿಗೆ ರಜೆ ಇರುವಾಗ ಬೋಟುಗಳಿಗೆ ಐಸು ಬೇಕು;
ಜೂನ್ ಒಂದಕ್ಕೆ ಬೋಟುಗಳು ದಡ ಹತ್ತಿ
ಕಂಪ್ರೆಸರು ಉಸಿರು ಬಿಟ್ಟು ಕುಳಿತುಕೊಳ್ಳುವ ಹೊತ್ತಿಗೆ
ಶಾಲೆಯ ಗಂಟೆ ಹೊಡೆದಾಗಿರುತ್ತದೆ.
ಒಂದೇ ಮನೆ, ಎರಡು ಬೇಸಿಗೆ.

ಪ್ರತೀಕ್ಷಾಳಿಗೆ ರೋಮ್ ಆಗಬೇಕು.
ಅಲ್ಲಿ ಜುಲೈಯಲ್ಲಿ ಕಲ್ಲೆಲ್ಲ ಕಾವಲಿಯಂತೆ;
ಅದಕ್ಕೆ ಅಷ್ಟು ದೂರ ಯಾಕೆ,
ನಮ್ಮ ಟೆರೇಸು ಉಂಟಲ್ಲ ಅಂದೆ.
ಶಮಿತ್‌ನದು ಬಾರ್ಸಿಲೋನಾ, ಫುಟ್‌ಬಾಲ್ ಹುಚ್ಚು.
ಅಲ್ಲಿಯೂ ಸಮುದ್ರ, ಅಲ್ಲಿಯೂ ಸೆಕೆ.
ನಾದಿನಿ ಜಲಜ ಫೋನಿನಲ್ಲಿ, "ಸ್ವಿಟ್ಜರ್ಲೆಂಡ್ ಮಾರಾಯ್ತಿ!
ನಮ್ಮ ಬಸ್ಸಿನಲ್ಲಿ ಅರ್ಧ ಕುಂದಾಪುರವೇ ಇತ್ತು,
ಬೆಟ್ಟದ ತುದಿಯಲ್ಲೂ ಬಿಸಿ ಉಪ್ಪಿಟ್ಟು."
ಅತ್ತೆ, ನಲವತ್ತು ವರ್ಷ ಬುಟ್ಟಿ ಹೊತ್ತವರು,
ಎಲ್ಲ ದೇಶಕ್ಕೂ ಕೇಳುವುದು ಒಂದೇ:
"ಅಲ್ಲಿ ಬಂಗುಡೆ ಉಂಟಾ?"

ಆಗ ಇವರು ಒಳಗೆ ಬಂದರು,
ಕೈಯಲ್ಲಿ ಐಸು ಎಳೆಯುವ ಕೊಕ್ಕೆ, ಮೈಯೆಲ್ಲ ಅಮೋನಿಯದ ಘಾಟು.
ನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕಾದ ಬೆರಳನ್ನು
ಅಟ್ಲಾಸಿನ ಮೇಲೆ, ಬಹಳ ಮೇಲೆ, ಇಟ್ಟರು.

"ಇಲ್ಲಿ.
ಇಲ್ಲಿ ಬೆಟ್ಟದ ಮೇಲೆ ಐಸು ತನ್ನಷ್ಟಕ್ಕೇ ಆಗುತ್ತದಂತೆ.
ಕ್ಯಾನು ಬೇಡ, ಕಂಪ್ರೆಸರು ಬೇಡ,
ಮೆಸ್ಕಾಂ ಬಿಲ್ಲು ಬೇಡ.
ನೂರಾರು ವರ್ಷ ಹಾಗೆಯೇ ಕೂತಿರುತ್ತದಂತೆ.
ನಾನು ಮಾಡಿದ್ದು ಗಂಗೊಳ್ಳಿ ಮುಟ್ಟುವಾಗ ಅರ್ಧ ನೀರು.
ಬಿಲ್ಲು ಕಟ್ಟದ ಐಸು ಒಮ್ಮೆ ನೋಡಬೇಕು."

ಇಷ್ಟು ಮಾತು ಒಟ್ಟಿಗೆ ಆಡಿದ್ದು
ನಮ್ಮ ಮದುವೆಯ ಮಾತುಕತೆಯಲ್ಲೂ ಇಲ್ಲ.
ಯಾರೂ ರೋಮ್ ಅನ್ನಲಿಲ್ಲ ಮತ್ತೆ.

ಬೆರಳಿನ ಅಡಿಯಲ್ಲಿ ಬರ್ಗೆನ್ ಸಿಕ್ಕಿತು.
ಶಮಿತ್ ಮೊಬೈಲು ಉಜ್ಜಿ ಬೊಬ್ಬೆ ಹೊಡೆದ,
"ಜುಲೈಯಲ್ಲೂ ಹದಿನೆಂಟು ಡಿಗ್ರಿ! ಆದರೆ ಅಪ್ಪಾ,
ವರ್ಷಕ್ಕೆ ಇನ್ನೂರು ದಿನ ಮಳೆಯಂತೆ!"
ಮಲ್ಪೆಯ ಮಳೆಯಿಂದ ಲಕ್ಷಗಟ್ಟಲೆ ಕೊಟ್ಟು
ಇನ್ನೊಂದು ಮಳೆಗೆ.
"ಒಳ್ಳೆದೇ ಆಯಿತು," ಅತ್ತೆ ಅಂದರು,
"ಹೊಸ ಕೊಡೆಯ ಖರ್ಚಿಲ್ಲ."
ದಕ್ಕೆಯ ಬದಿಯಲ್ಲೇ ಮೀನು ಮಾರ್ಕೆಟ್ಟೂ ಉಂಟೆಂದು ತಿಳಿದ ಮೇಲೆ
ಪಾಸ್‌ಪೋರ್ಟಿನ ಫೋಟೋಕ್ಕೆ
ಯಾವ ಸೀರೆ ಎಂದು ಯೋಚನೆಗೆ ಬಿದ್ದರು.

ರಾತ್ರಿ ಲೆಕ್ಕ ಬರೆಯಲು ಕೂತರೆ
ನಾರ್ವೆಯ ಒದ್ದೆ ಒಣಗಿದೆ,
ಅಷ್ಟು ಜಾಗದಲ್ಲಿ ಕಾಗದ ಉಬ್ಬಿ ನಿಂತಿದೆ, ಚಿಕ್ಕ ಗುಡ್ಡದ ಹಾಗೆ.
ಅಂಗೈಯಲ್ಲಿ ಸವರಿದೆ; ಇಳಿಯಲಿಲ್ಲ.

ಹೆಡ್‌ಮಿಸ್ಸಿಗೆ ರಜೆಯ ಅರ್ಜಿ ನಾನೇ ಬರೆಯಬೇಕು.
ಜುಲೈ ಒಂದರಿಂದ ಹನ್ನೆರಡರವರೆಗೆ, ಸರಿ.
"ಕಾರಣ" ಎಂಬಲ್ಲಿ ಪೆನ್ನು ನಿಂತಿತು.
ಚಳಿಜ್ವರ ಅಂತ ಬರೆದೆ, ಎಲ್ಲರೂ ಬರೆಯುವ ಹಾಗೆ.
ಅರ್ಧ ಸುಳ್ಳು ಅನ್ನಿಸಿತು.
ಜ್ವರವನ್ನು ಹೊಡೆದು ಹಾಕಿ
ಚಳಿಯನ್ನು ಹಾಗೆಯೇ ಬಿಟ್ಟೆ.