ಮೀಟರ್ ಪೆಟ್ಟಿಗೆಯ ಹಿಂದೆ

ಸಿದ್ದಾಪುರದ ನರ್ಸರಿಯಲ್ಲಿ ಮುನಿರತ್ನಮ್ಮ
ಕರಿ ಕವರಿನ ಗಿಡ ಕೈಗಿಡುತ್ತ ಹೆಸರು ಹೇಳಿದಳು: ಸ್ಪೈರಿಯಾ.
ಜ್ವರದ ಹೆಸರಿದ್ದ ಹಾಗಿದೆಯಲ್ಲಮ್ಮ, ಅಂದೆ.
ನಕ್ಕಳು. "ಹೂವು ಉದುರಿದ ಮೇಲೆ ಕತ್ತರಿಸು, ಮೊದಲಲ್ಲ.
ಹಳೇ ಕಡ್ಡಿಯಲ್ಲೇ ಅದರ ಹೂವು."

ಎರಡು ವರ್ಷ ಅಕ್ಕಿ ತೊಳೆದ ನೀರು,
ಕಾವೇರಿ ಬಾರದ ದಿನ ಬಟ್ಟೆ ಜಾಲಿಸಿದ್ದೂ.
ಮೂರನೇ ಫೆಬ್ರವರಿ,
ಬಾಗಿದ ಕಡ್ಡಿಗಳ ತುಂಬ ಬಿಳಿ,
ಸಬ್ಬಕ್ಕಿ ಚೆಲ್ಲಿ ಅಂಟಿಕೊಂಡಂತೆ.
ಮುಡಿಯಲಾಗದು, ಕಟ್ಟಲಾಗದು,
ಕಿತ್ತರೆ ಅಂಗೈಯಲ್ಲೇ ಪುಡಿ.
ಮತ್ಯಾಕೆ ಬೆಳೆಸ್ತೀಯ, ಎಂದಳು ಎದುರುಮನೆ ಜುಲೇಖಾ,
ದಿನಾ ಬಂದು ನೋಡಿ ಹೋಗುತ್ತ.

ಆಮೇಲಿನ ಡಿಸೆಂಬರ್. ನಾನು ತುಮಕೂರಿಗೆ ಹೋದ ಎರಡು ದಿನ
ಇವರು ರಜೆ ಹಾಕಿ, ಕತ್ತರಿಗೆ ಸಾಣೆ ಹಿಡಿಸಿ,
ಗಿಡವನ್ನು ಶಾಲೆ ಹುಡುಗನ ತಲೆ ಮಾಡಿಟ್ಟಿದ್ದರು.
"ನಿನಗೆ ಖುಷಿಯಾಗಲಿ ಅಂತ."
ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ
ಅವರ ಉಗುರಲ್ಲಿ ಮಣ್ಣಿತ್ತು.
ಹಳೇ ಕಡ್ಡಿಯ ಮಾತು ನಾನು ಎತ್ತಲಿಲ್ಲ.

ಫೆಬ್ರವರಿ ಬಂತು. ಎಲೆ, ಬರೀ ಎಲೆ.
ಬೆಳಗ್ಗೆ ಕಾಫಿ ಲೋಟ ಹಿಡಿದು ಬಗ್ಗಿ ನೋಡುವರು.
"ಗೊಬ್ಬರ ಸಾಲದೇನೋ."
"ಇರಬಹುದು."

ನಿನ್ನೆ ರೀಡಿಂಗ್ ಬರೆಯಲು ಬಂದ ಹುಡುಗ
ಗೋಡೆಯ ಸಂದಿಗೆ ತಲೆ ತೂರಿಸಿ ಕೂಗಿದ:
"ಆಂಟಿ, ಇಲ್ಲೇನೋ ಬೆಳ್ಳಗೆ!"
ಪೆಟ್ಟಿಗೆಯ ಹಿಂದೆ, ಕತ್ತರಿಗೆ ಎಟುಕದ
ಒಂದೇ ಕಡ್ಡಿ.

ಇವರನ್ನು ಕರೆದೆ.
ಬಂದರು. ನೋಡಿದರು. ಕಡ್ಡಿಯ ಬುಡ ಮುಟ್ಟಿ
ತುಂಬ ಹೊತ್ತು ಸುಮ್ಮನಿದ್ದು,
"ಇದೊಂದನ್ನ ನಾನು ಕತ್ತರಿಸಿರಲಿಲ್ಲ, ಅಲ್ವಾ?"

ಹುಡುಗ ಹರಿದು ಕೊಟ್ಟ ಬಿಲ್ಲು
ಏಳುನೂರ ಹನ್ನೆರಡು.