ಬೋರಲು

ಯೋಗದ ಚಾಪೆ ಕತ್ತರಿಸಿ ಮಾಡಿದ ಎದೆಗವಚ
ಕಪಾಟಿನ ಮೇಲೆ ಬೋರಲು ಬಿದ್ದಿದೆ.
ಬಲದ ರೆಕ್ಕೆಗೆ ಬಣ್ಣ ಹಚ್ಚಿದ್ದೆ,
ಎಡದ್ದಕ್ಕೆ ಬರುವಷ್ಟರಲ್ಲಿ ಪೇಟೆ ಮುಚ್ಚಿತು.

ಕಾಮಿಕ್ಸ್ ಮೇಳದ ಟಿಕೆಟ್ಟಿನ ದುಡ್ಡು ವಾಪಸು ಬಂತು.
ಅಕ್ಕಿ ತಂದೆವು.

ವರ್ಷಕ್ಕೆ ಎರಡೇ ದಿನ ಸಿಗುವ ಗೆಳೆಯನೊಬ್ಬನಿದ್ದ.
ಅವನು ಆಮೆಬೆನ್ನಿನ ದೊರೆ, ನಾನು ಗಿಡುಗರಾಣಿ.
ಒಂದೇ ಬಾಟಲಿಯ ನೀರು ಕುಡಿದದ್ದುಂಟು,
ಅವನ ಚಿಪ್ಪಿನ ಪಟ್ಟಿ ಹೊಲಿದುಕೊಟ್ಟದ್ದುಂಟು,
ಹೆಸರು ಕೇಳಿದ್ದಿಲ್ಲ.
ಬರುವ ವರ್ಷ ಇದ್ದೇ ಇದೆಯಲ್ಲ.

ಕೊನೆಗೂ ಹೋದೆ ಗೋರೆಗಾಂವಿನ ಅದೇ ಮೇಳದ ಜಾಗಕ್ಕೆ,
ಆಂಬುಲೆನ್ಸಿನಲ್ಲಿ, ರಾತ್ರಿ ಎರಡಕ್ಕೆ.
ಪುಸ್ತಕದ ಮಳಿಗೆಗಳಿದ್ದಲ್ಲಿ ಮಂಚಗಳು,
ಹಸ್ತಾಕ್ಷರಕ್ಕೆ ನಾವು ಸಾಲುಗಟ್ಟುತ್ತಿದ್ದ ಕಡೆ ಸಿಲಿಂಡರುಗಳು.
ಅಡಿಯಿಂದ ಮುಡಿವರೆಗೆ ಬಿಳಿ ವೇಷದವಳೊಬ್ಬಳು ಬಂದಳು,
ಬೆನ್ನ ಮೇಲೆ ಮಾರ್ಕರಿನಲ್ಲಿ: ಸಿಸ್ಟರ್ ಜಯವಂತಿ.
ಒಳಗೆ ಬೆವರು ಎಲ್ಲೆಲ್ಲಿ ಇಳಿಯುತ್ತದೆಂದು ನನಗೆ ಗೊತ್ತು.
‘ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ’ ಎಂದೆ.
ಟೇಪು ಅಂಟಿಸಿಕೊಂಡು ಮುಂದಿನ ಮಂಚಕ್ಕೆ ನಡೆದಳು.

ಹನ್ನೆರಡನೇ ಸಾಲಿನಲ್ಲಿ ಯಾರನ್ನೋ
ಉಸಿರಿಗಾಗಿ ಬೋರಲು ಮಲಗಿಸಿದ್ದಾರೆ.
ಅಗಲ ಬೆನ್ನು, ಅಷ್ಟೇ ಕಾಣುತ್ತದೆ.
ಕೂಗಬೇಕು.
ಏನೆಂದು ಕೂಗಲಿ?