ಒಂದೂವರೆ ಅಡಿ

ಗೋಣಿಕೊಪ್ಪದ ಬಸ್ ಸ್ಟ್ಯಾಂಡ್ ಹಿಂದೆ, ಸೈಕಲ್ ಶಾಪಿನ ಪಕ್ಕ
ತಗಡಿನ ಮಾಡಿನಡಿ ಅಪ್ಪನ ಉಳಿ.
ಅಕ್ಷರಕ್ಕೆ ಎಂಟಾಣೆ, ಒತ್ತಿಗೆ ನಾಲ್ಕಾಣೆ ಬೇರೆ.
ಮೊಣ್ಣಪ್ಪ, ಬೆಳ್ಯಪ್ಪ, ಅಚ್ಚಯ್ಯ, ಕುಟ್ಟಪ್ಪ:
ಕೊಡಗಿನ ಹೆಸರುಗಳಲ್ಲಿ ಒತ್ತಿಗೇನು ಬರ!
ನಾವು ಉಣ್ಣುವುದು ಒತ್ತಕ್ಷರದ ಅಕ್ಕಿ
ಎಂದು ಅಮ್ಮ ನಗುತ್ತಿದ್ದಳು.

ಆ ವರ್ಷ ಸಮಿತಿ ಚೀಟಿ ಕೊಟ್ಟಿತು.
ಹದಿನಾಲ್ಕು ಹೆಸರು, ಮನೆತನ, ಪಲ್ಟನ್, ಬಿದ್ದ ಊರು.
ಬರ್ಮಾ, ತೊಬ್ರುಕ್, ಜೋಜಿಲಾ, ಬೊಮ್ಡಿಲಾ:
ಮೈಸೂರು ದಾಟದ ಅಪ್ಪ
ಅವನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದು
ನನ್ನಿಂದ ಓದಿಸಿ, ತಿದ್ದಿ, ಆಮೇಲೆ ಕೊರೆದ.
ನಾನು ಮೂರನೇ ಕ್ಲಾಸು.

ಏಳನೇ ದಿನವೋ ಎಂಟನೇ ದಿನವೋ, ಸಂಜೆ
ಎರವರ ಚಿಮ್ಮಿ ಬಂದಳು,
ಕೆಸುವಿನೆಲೆಯಲ್ಲಿ ಗದ್ದೆಯ ಏಡಿ ಕಟ್ಟಿಕೊಂಡು.
ನನ್ನಣ್ಣನ ಹೆಸರು ಯಾವುದು, ತೋರಿಸು ಎಂದಳು.
ಬೊಳಕ. ದಣಿಯ ಮಗನ ಜೊತೆ ಹೋದವನು,
ಬರ್ಮಾದಲ್ಲಿ ಹೇಸರಗತ್ತೆ ನೋಡಿಕೊಳ್ಳುತ್ತಿದ್ದನಂತೆ.
ದಣಿಯ ಮಗ ಮೂರನೇ ಸಾಲಿನಲ್ಲಿದ್ದ.
ಬೊಳಕ ಚೀಟಿಯಲ್ಲಿರಲಿಲ್ಲ.

ಅವಳಿಗೆ ಓದು ಬಾರದು.
ಯಾವ ಸಾಲಿಗೆ ಬೆರಳಿಟ್ಟರೂ ನಡೆಯುತ್ತಿತ್ತು.
ಅಪ್ಪ ಬೀಡಿ ಹಚ್ಚಿದ, ಆರಿಸಿದ.
'ಇನ್ನೂ ಕೆತ್ತಿಲ್ಲ' ಎಂದ. 'ಬುಡದಲ್ಲಿ ಬರುತ್ತೆ.'

ನಿಲ್ಲುವ ಕಲ್ಲಿಗೆ ನೆಲದೊಳಗೂ ಒಂದೂವರೆ ಅಡಿ ಇರುತ್ತದೆ.
ಅದನ್ನು ಯಾರೂ ನಯ ಮಾಡಿಸುವುದಿಲ್ಲ,
ಅದರ ಲೆಕ್ಕವನ್ನೂ ಕೇಳುವುದಿಲ್ಲ.
ರಾತ್ರಿ ಲಾಟೀನು ಹಿಡಿದವಳು ನಾನು.
ಮೂರಕ್ಷರ. ಒತ್ತಿಲ್ಲ, ದೀರ್ಘವಿಲ್ಲ.
ಒಂದೂವರೆ ರೂಪಾಯಿ; ಏಡಿಗೆ ವಜಾ.
ಆಮೇಲೆ ನನಗೆ ನಿದ್ದೆ ಬಂತು.

ದೊಡ್ಡ ಆಫೀಸರು ಪರದೆ ಸರಿಸಿದರು. ಬ್ಯೂಗಲ್ ಊದಿದರು.
ಅಲ್ಲಿಂದ ವರ್ಷಾ ವರ್ಷಾ ಹೂವಿನ ಚಕ್ರ,
ಕಪ್ಪು ಕುಪ್ಯಗಳ ಸಾಲು, ಫೋಟೋ, ಕ್ಯಾಂಟೀನ್ ರಮ್ಮು.
ಜೀಪುಗಳೆಲ್ಲ ಹೋದ ಮೇಲೆ ಚಿಮ್ಮಿ ಬರುವಳು,
ಬುಡಕ್ಕೆ ಒಂದು ಚೊಂಬು ನೀರು ಹೊಯ್ಯುವಳು.
ಕಸ ಗುಡಿಸುವವಳೆಂದು ಸಮಿತಿ ಒಮ್ಮೆ
ಹತ್ತು ರೂಪಾಯಿ ಕೊಟ್ಟಿತು.
ತೆಗೆದುಕೊಂಡಳು.

ಅಪ್ಪ ಹೋದ. ಚಿಮ್ಮಿಯೂ ಹೋದಳು.
ಉಳಿಯ ಕೆಲಸ ಕಂಪ್ಯೂಟರ್ ಕಟಿಂಗಿಗೆ ಹೋಯಿತು.
ನನಗೆ ಉಳಿದದ್ದು ವರ್ಷಕ್ಕೊಮ್ಮೆ
ಹಳೆಯ ಅಕ್ಷರಗಳ ಹೊಟ್ಟೆಗೆ
ಕಪ್ಪು ಎನಾಮೆಲ್ ತುಂಬುವುದು.

ಈ ಸಲ ರಸ್ತೆ ಅಗಲವಾಗಬೇಕಂತೆ. ಜೇಸಿಬಿ ಬಂತು.
ಹಲ್ಲು ಕಿತ್ತ ಹಾಗೆ ಕಲ್ಲು ಎದ್ದು
ಕೆಂಪು ಮಣ್ಣು ಉದುರಿಸುತ್ತ ಬೆಲ್ಟಿನಲ್ಲಿ ತೂಗಿತು.
ಪೈಪು ಹಿಡಿದೆ. ಮಣ್ಣು ಇಳಿಯಿತು.
ಬೊ. ಳ. ಕ.
ಅದರ ಕೆಳಗೆ
ಅರ್ಧ ಕೊರೆದು ಬಿಟ್ಟ ಇನ್ನೊಂದು ಅಕ್ಷರ.
ಒಡೆದ ಬಳೆಯಂಥ ಗೆರೆ.
ವ ಇರಬಹುದು, ಪ ಇರಬಹುದು,
ಮ ಆಗಬೇಕಿತ್ತೋ ಏನೋ.
ಎಣ್ಣೆ ತೀರಿತೆ? ಬೆಳಗಾಯಿತೆ? ಲಾರಿ ಬಂತೆ?
ಚಿಮ್ಮಿಗಿಂತ ಮುಂಚೆ ಯಾರು ಬಂದು ಕೇಳಿದ್ದರು,
ಎಲೆಯಲ್ಲಿ ಏನು ಕಟ್ಟಿ ತಂದಿದ್ದರು?

ಸಮಿತಿಯವರು ನೆರಳಲ್ಲಿ ಕಾಫಿ ಕುಡಿಯುತ್ತಿದ್ದರು,
ಕಟ್ಟೆಯ ಟೈಲ್ಸ್ ಹಸಿರೋ ಕಂದೋ ಎಂದು ಚರ್ಚೆ.
ಗುಂಡಿಯೊಳಗಿಂದ ಮೇಸ್ತ್ರಿ ಮೊಯ್ದು ಕೇಳಿದ:
'ಅಕ್ಕಾ, ಎಷ್ಟು ಇಳಿಸಲಿ?'
ಒಂದಡಿ ಸಾಕು ಎಂದೆ.
'ವಾಲಿದರೆ?'
ಸಿಮೆಂಟು ಜಾಸ್ತಿ ಹಾಕು ಎಂದೆ.
ಅವನು ಕಲ್ಲು ನೋಡಿದ, ನನ್ನ ನೋಡಿದ,
ಸಮಿತಿಯ ಕಡೆ ನೋಡಲಿಲ್ಲ.

ಬೊಳಕನಿಗೆ ಕಪ್ಪು ತುಂಬಿದೆ. ಎನಾಮೆಲ್ ಹೊಳೆಯಿತು,
ಉಳಿದ ಹದಿನಾಲ್ಕಕ್ಕಿಂತ ಸ್ವಲ್ಪ ಹೆಚ್ಚು, ಹೊಸತಲ್ಲವೆ.
ಅರ್ಧ ಅಕ್ಷರ ನೆಲದ ಗೆರೆಯ ಮೇಲೇ ಕೂತಿದೆ.
ಅದಕ್ಕೆ ಬ್ರಷ್ ತಾಗಿಸಲಿಲ್ಲ.
ಸೀಮೆಸುಣ್ಣ ತೆಗೆದು
ವ ಮಾಡಿ ಓದಿದೆ, ಅಳಿಸಿದೆ,
ಪ ಮಾಡಿ ಓದಿದೆ, ಅಳಿಸಿದೆ,
ಸಿಮೆಂಟು ಒಣಗುವ ತನಕ.